‘ನನಗೆ ಹಸಿವಿಲ್ಲ, ನೀನು ಉಣ್ಣು’

ರಾತ್ರಿ ಎಂಟೂವರೆ. ಪಾತ್ರೆಯಲ್ಲಿ ಉಳಿದಿರುವ ಅನ್ನ ಎಷ್ಟೆಂದು ಉಮ್ಮನಿಗೆ ಗೊತ್ತು. ಮೂವರು ಮಕ್ಕಳಿಗೆ ಬಡಿಸುತ್ತಾಳೆ. ಕೆಲಸದಿಂದ ಬಂದ ಗಂಡನಿಗೆ ಬಡಿಸುತ್ತಾಳೆ. “ನಿನಗೆ?” ಎಂದು ದೊಡ್ಡ ಮಗಳು ಕೇಳಿದರೆ, “ನನಗೆ ಹಸಿವಿಲ್ಲ, ನೀನು ಉಣ್ಣು. ನಾನು ಸಂಜೆ ಚಾ ಕುಡಿದಿದ್ದೇನೆ” ಎನ್ನುತ್ತಾಳೆ. ಮಗಳು ಮತ್ತೆ ಕೇಳುವುದಿಲ್ಲ. ಆದರೆ ತನ್ನ ತಟ್ಟೆಯಲ್ಲಿ ಎರಡು ತುತ್ತು ಬಿಟ್ಟು, “ನನಗೂ ಸಾಕಾಯಿತು” ಎಂದು ಏಳುತ್ತಾಳೆ.

ಈ ಮನೆಯನ್ನು ಹುಡುಕಿಕೊಂಡು ನೀವು ದೂರ ಹೋಗಬೇಕಾಗಿಲ್ಲ. ಅದು ನಿಮ್ಮ ಮೊಹಲ್ಲಾದಲ್ಲಿಯೇ ಇರಬಹುದು. ಬೀಡಿ ಕಟ್ಟುವವರ ಮನೆ, ಹಳೆ ಸಾಮಾನು ಹೆಕ್ಕುವವರ ಮನೆ, ಗ್ಯಾರೇಜಿನಲ್ಲಿ ದಿನಗೂಲಿಗೆ ದುಡಿಯುವವರ ಮನೆ, ಪತಿಯನ್ನು ಕಳೆದುಕೊಂಡ ಸಹೋದರಿಯ ಮನೆ. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಮಕ್ಕಳು ಸಮವಸ್ತ್ರ ಹಾಕಿ ಶಾಲೆಗೆ ಹೋಗುತ್ತಾರೆ, ತಾಯಿ ಶುಭ್ರವಾದ ಬುರ್ಖಾ ತೊಟ್ಟು ಮದುವೆಗೆ ಬರುತ್ತಾಳೆ. ಒಳಗೆ ಮಾತ್ರ ತಿಂಗಳ ಕೊನೆಯ ವಾರ ಹೇಗೆ ಕಳೆಯುವುದೆಂಬ ಲೆಕ್ಕ ನಡೆಯುತ್ತಿರುತ್ತದೆ.

ಹಸಿವು ಎಂದರೆ ಬರೀ ಖಾಲಿ ಹೊಟ್ಟೆಯಲ್ಲ

ಹಸಿವು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಎಲುಬು ಕಾಣುವ ಮಗುವಿನ ಚಿತ್ರ ಬರುತ್ತದೆ. ಅಷ್ಟು ತೀವ್ರ ಸ್ಥಿತಿಗೆ ಬರುವ ಮೊದಲೇ ಒಂದು ಕುಟುಂಬ ಹಸಿವಿನ ಹಲವು ಮೆಟ್ಟಿಲುಗಳನ್ನು ದಾಟಿರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಅಳೆಯಲು ಎಂಟು ಸರಳ ಪ್ರಶ್ನೆಗಳನ್ನು ಬಳಸುತ್ತದೆ. ಅವುಗಳ ಸಾರ ಹೀಗಿದೆ: ಊಟಕ್ಕೆ ಸಾಲದು ಎಂಬ ಚಿಂತೆ ಆಯಿತೇ? ಪೌಷ್ಟಿಕವಾದದ್ದನ್ನು ತಿನ್ನಲು ಆಗಲಿಲ್ಲವೇ? ಒಂದೆರಡು ಬಗೆಯ ಆಹಾರದಲ್ಲೇ ದಿನ ಕಳೆಯಬೇಕಾಯಿತೇ? ಒಂದು ಹೊತ್ತು ಬಿಡಬೇಕಾಯಿತೇ? ಬೇಕಾದ್ದಕ್ಕಿಂತ ಕಡಿಮೆ ಉಂಡಿರೇ? ಮನೆಯಲ್ಲಿ ದಿನಸಿ ಪೂರ್ತಿ ಮುಗಿಯಿತೇ? ಹಸಿದರೂ ಉಣ್ಣದೆ ಇದ್ದಿರೇ? ಇಡೀ ದಿನ ಊಟವಿಲ್ಲದೆ ಕಳೆದಿರೇ? ಹಣವಿಲ್ಲದ ಕಾರಣಕ್ಕೆ ಹೀಗಾಯಿತೇ ಎಂಬುದೇ ಇಲ್ಲಿ ಮುಖ್ಯ.

ಗಮನಿಸಿ, ಮೊದಲ ಪ್ರಶ್ನೆ ಹೊಟ್ಟೆಯ ಬಗ್ಗೆ ಅಲ್ಲ, ಚಿಂತೆಯ ಬಗ್ಗೆ. ಆಹಾರದ ಅಭದ್ರತೆ ಶುರುವಾಗುವುದೇ ಅಲ್ಲಿಂದ. ನಂತರ ತಟ್ಟೆಯಿಂದ ಮೀನು, ಮೊಟ್ಟೆ, ಬೇಳೆ, ಸೊಪ್ಪು, ಹಣ್ಣು ಒಂದೊಂದಾಗಿ ಮಾಯವಾಗುತ್ತವೆ. ಉಳಿಯುವುದು ಅನ್ನ, ನೀರಾದ ಸಾರು ಮತ್ತು ಚಾ. ಹೊಟ್ಟೆ ತುಂಬಿದಂತೆ ಕಂಡರೂ ದೇಹಕ್ಕೆ ಬೇಕಾದ ಪ್ರೊಟೀನ್, ಕಬ್ಬಿಣಾಂಶ, ವಿಟಮಿನ್‌ಗಳು ಸಿಗುವುದಿಲ್ಲ. ಕಣ್ಣಿಗೆ ಕಾಣದ ಹಸಿವು ಇದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ. 19.5 ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಕೃಶರಾಗಿದ್ದಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆಯಿದೆ. 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು, ಅಂದರೆ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಇದು ಬರಗಾಲದ ಅಂಕಿಅಂಶವಲ್ಲ, ಸಾಧಾರಣ ಕಾಲದ ಅಂಕಿಅಂಶ.

ಅಕ್ಕಿ ಇದ್ದರೆ ಸಾಕೇ?

“ರೇಷನ್ ಅಕ್ಕಿ ಸಿಗುತ್ತದಲ್ಲ, ಮತ್ತೇನು?” ಎಂದು ಕೇಳುವವರಿದ್ದಾರೆ. ಒಂದು ಲೆಕ್ಕ ಮಾಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ. ಐದು ಜನರ ಮನೆಗೆ 25 ಕಿಲೋ. ದಿನಕ್ಕೆ ಹಂಚಿದರೆ ಒಬ್ಬರಿಗೆ ಸುಮಾರು 165 ಗ್ರಾಂ ಅಕ್ಕಿ. ಅದರಿಂದ ಸಿಗುವ ಶಕ್ತಿ ಆರುನೂರು ಕ್ಯಾಲೊರಿಯ ಒಳಗೆ. ದುಡಿಯುವ ಒಬ್ಬ ವ್ಯಕ್ತಿಗೆ ಬೇಕಾದದ್ದು ಎರಡು ಸಾವಿರಕ್ಕೂ ಹೆಚ್ಚು. ಕರ್ನಾಟಕದಲ್ಲಿ ಅನ್ನಭಾಗ್ಯದಿಂದ ಇದಕ್ಕೆ ಇನ್ನಷ್ಟು ಸೇರಿದೆ. ಅದರಿಂದ ಎಷ್ಟೋ ಮನೆಗಳ ಒಲೆ ಆರದೆ ಉಳಿದಿದೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೂ ಅಕ್ಕಿ ಎಷ್ಟೇ ಹೆಚ್ಚಿದರೂ ಅದು ಬೇಳೆಯ, ಮೊಟ್ಟೆಯ, ಸೊಪ್ಪಿನ ಕೆಲಸ ಮಾಡದು. ಉಳಿದದ್ದಕ್ಕೆಲ್ಲ ಕೈಯಲ್ಲಿ ಕಾಸು ಬೇಕು.

ಕಾಸು ವರ್ಷವಿಡೀ ಒಂದೇ ಸಮನೆ ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ದಕ್ಕೆಯಲ್ಲಿ ಮೀನು ಹೊರುವವರಿಗೆ, ಮಂಜುಗಡ್ಡೆಯ ಕೆಲಸದವರಿಗೆ, ಬುಟ್ಟಿಯಲ್ಲಿ ಮೀನು ಮಾರುವವರಿಗೆ ಆ ಎರಡು ತಿಂಗಳು ಕೈ ಬರಿದು. ಮಳೆಗೆ ಕಟ್ಟಡದ ಕೆಲಸವೂ ನಿಲ್ಲುತ್ತದೆ. ಅದೇ ಹೊತ್ತಿಗೆ ಶಾಲೆ ಶುರು, ಪುಸ್ತಕ, ಕೊಡೆ, ಜ್ವರದ ಮದ್ದು. ಬಾಡಿಗೆಯನ್ನು ಮುಂದೂಡಲಾಗದು, ಸ್ವಸಹಾಯ ಸಂಘದ ವಾರದ ಕಂತನ್ನು ಮುಂದೂಡಲಾಗದು. ಮುಂದೂಡಲು ಆಗುವುದು ಊಟವೊಂದನ್ನೇ.

ಮಕ್ಕಳ ಮೇಲೆ ಏನಾಗುತ್ತದೆ?

ಗರ್ಭ ನಿಂತ ದಿನದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನಗಳು ಅತಿ ಮುಖ್ಯ. ಮೆದುಳು ಅತಿ ವೇಗದಲ್ಲಿ ಬೆಳೆಯುವ ಕಾಲ ಅದು. ಆಗ ಆದ ಕೊರತೆಯನ್ನು ಮುಂದೆ ಪೂರ್ತಿ ತುಂಬುವುದು ಬಹಳ ಕಷ್ಟ. ಎತ್ತರ ಕುಂಠಿತವಾಗುವುದು ಹೊರಗೆ ಕಾಣುವ ಗುರುತು ಮಾತ್ರ. ಕಲಿಕೆ, ನೆನಪು, ರೋಗ ತಡೆಯುವ ಶಕ್ತಿ ಎಲ್ಲದಕ್ಕೂ ಅದರ ಪೆಟ್ಟು ಬೀಳುತ್ತದೆ.

ಶಾಲೆಗೆ ಹೋಗುವ ಮಗುವಿನಲ್ಲಿ ಹಸಿವು ಬೇರೆ ವೇಷದಲ್ಲಿ ಬರುತ್ತದೆ. ಬೆಳಗ್ಗೆ ‘ಹೊಟ್ಟೆ ನೋವು’, ತರಗತಿಯಲ್ಲಿ ತೂಕಡಿಕೆ, ಸಣ್ಣ ಮಾತಿಗೂ ಅಳು ಅಥವಾ ಜಗಳ, ಪಾಠದಲ್ಲಿ ಗಮನವಿಲ್ಲ. ಶಿಕ್ಷಕರು ‘ಮಂದಬುದ್ಧಿ’, ‘ತುಂಟ’ ಎಂದು ಬಿಡುತ್ತಾರೆ. ನಮ್ಮಲ್ಲಿ ಎಷ್ಟೋ ಮಕ್ಕಳು ನಸುಕಿನಲ್ಲಿ ಬರೀ ಚಾ ಕುಡಿದು ಮದ್ರಸಕ್ಕೆ ಹೋಗಿ, ಅಲ್ಲಿಂದ ಓಡಿ ಬಂದು ಶಾಲೆಗೆ ಹೊರಡುತ್ತಾರೆ. ಮಧ್ಯಾಹ್ನದ ಬಿಸಿಯೂಟವೇ ಅವರ ಮೊದಲ ಊಟ. ಉಸ್ತಾದರ ಮುಂದೆ ಕುಳಿತ ಮಗುವಿಗೆ ಸಬಕ್ ತಲೆಗೆ ಹೋಗದಿದ್ದರೆ, ಬೆತ್ತ ತೆಗೆಯುವ ಮೊದಲು “ಬೆಳಗ್ಗೆ ಏನು ತಿಂದೆ?” ಎಂದು ಕೇಳಬೇಕು.

ಬಡವರ ಮಕ್ಕಳೆಲ್ಲ ಬಡಕಲಾಗಿಯೇ ಇರುತ್ತಾರೆಂದೂ ಇಲ್ಲ. ಐದು ರೂಪಾಯಿಯ ಬಿಸ್ಕತ್ತು, ಕುರುಕಲು ತಿಂಡಿಯ ಪೊಟ್ಟಣ, ಕರಿದ ಬೋಂಡ ಅಗ್ಗಕ್ಕೆ ಸಿಗುತ್ತವೆ, ಹಸಿವನ್ನು ತಕ್ಷಣ ಅಡಗಿಸುತ್ತವೆ. ಸಕ್ಕರೆ, ಮೈದಾ, ಎಣ್ಣೆಯಿಂದ ಮೈ ಊದಿಕೊಂಡರೂ ರಕ್ತದಲ್ಲಿ ಕಬ್ಬಿಣಾಂಶ ಇರುವುದಿಲ್ಲ. ಹಾಗಾಗಿ ಮೈಕಟ್ಟು ನೋಡಿ ತೀರ್ಮಾನಿಸಬೇಡಿ. ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ, ಅಂಗೈ ಬಿಳಿಚಿಕೊಂಡಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಖರ್ಚಿಲ್ಲ.

ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. ನಾವು ಅಡಗಿಸಿಟ್ಟಿದ್ದೇವೆ ಎಂದುಕೊಂಡರೂ ಅವರು ಡಬ್ಬಿಯ ಸದ್ದಿನಿಂದಲೇ ಅಕ್ಕಿ ಎಷ್ಟಿದೆ ಎಂದು ತಿಳಿಯುತ್ತಾರೆ. ದೊಡ್ಡ ಮಕ್ಕಳು ಚಿಕ್ಕವರಿಗಾಗಿ ತಮ್ಮ ಪಾಲು ಬಿಡುತ್ತಾರೆ, ಶಾಲೆಯ ಮೊಟ್ಟೆಯನ್ನು ಜೇಬಿನಲ್ಲಿಟ್ಟು ತಂಗಿಗೆ ತರುತ್ತಾರೆ. ಗೆಳೆಯರ ಮುಂದೆ ಬುತ್ತಿ ಬಿಚ್ಚಲು ನಾಚುತ್ತಾರೆ. ಪ್ರವಾಸಕ್ಕೆ, ಹುಟ್ಟುಹಬ್ಬಕ್ಕೆ ತಾವಾಗಿಯೇ “ನನಗಿಷ್ಟವಿಲ್ಲ” ಎನ್ನುತ್ತಾರೆ. ಇದನ್ನು ಒಳ್ಳೆಯ ಗುಣವೆಂದು ಹೊಗಳಿ ಸುಮ್ಮನಾಗಬೇಡಿ. ಹತ್ತು ವರ್ಷದ ಮಗು ಮನೆಯ ಚಿಂತೆಯನ್ನು ತಲೆಯ ಮೇಲೆ ಹೊತ್ತಿದೆ ಎಂದೇ ಅದರರ್ಥ.

ತಾಯಿ ತಂದೆಯರ ಮೇಲೆ

ಕೊರತೆಯ ಮನೆಯಲ್ಲಿ ಮೊದಲು ಊಟ ಬಿಡುವವಳು ತಾಯಿ. ಕೊನೆಗೆ ಉಣ್ಣುವವಳೂ ಅವಳೇ. ಅವಳು ಗರ್ಭಿಣಿಯಾಗಿದ್ದರೆ ಹಸಿವು ಇಬ್ಬರದ್ದಾಗುತ್ತದೆ. ರಕ್ತಹೀನತೆಯಿಂದ ಹೆರಿಗೆಯಲ್ಲಿ ಅಪಾಯ, ಕಡಿಮೆ ತೂಕದ ಮಗು, ಬಾಣಂತಿಗೆ ಏಳಲಾಗದಷ್ಟು ಸುಸ್ತು. ಆ ಸುಸ್ತಿನಲ್ಲಿಯೇ ಸಾವಿರ ಬೀಡಿ ಕಟ್ಟಬೇಕು, ನೀರು ಹೊರಬೇಕು.

ಸಕ್ಕರೆ ಕಾಯಿಲೆಯ ತಾಯಿ ತಂದೆಯರ ಸ್ಥಿತಿ ಇನ್ನೂ ಅಪಾಯಕರ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಅದರ ಲಕ್ಷಣ. ತಕ್ಷಣ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಊಟ ತಪ್ಪುವ ದಿನಗಳಿವೆ ಎಂಬುದನ್ನು ವೈದ್ಯರಿಗೆ ನಾಚದೆ ಹೇಳಿ. ಅದಕ್ಕೆ ತಕ್ಕಂತೆ ಅವರು ಮದ್ದನ್ನು ಬದಲಿಸಬಲ್ಲರು.

ತಂದೆಯ ನೋವಿಗೆ ಮಾತಿಲ್ಲ. ಬರಿಗೈಯಲ್ಲಿ ಮನೆಗೆ ಬರಲು ಮನಸ್ಸಾಗದೆ ಅಂಗಡಿ ಕಟ್ಟೆಯಲ್ಲಿ ಕುಳಿತಿರುತ್ತಾನೆ. ಹಸಿವು ಕೊಲ್ಲಲು ಚಾ, ಬೀಡಿ, ಗುಟ್ಕಾ. ಅದೂ ಖರ್ಚೇ. ಮನೆಗೆ ಬಂದು ಮಗು ಬಿಸ್ಕತ್ತು ಕೇಳಿದರೆ ಸಿಡುಕು. ಆ ಸಿಡುಕಿನ ಹಿಂದೆ ಇರುವುದು ಮಗುವಿನ ಮೇಲಿನ ಕೋಪವಲ್ಲ, ತನ್ನ ಮೇಲಿನ ನಾಚಿಕೆ. ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕು ಸಾಕೆನಿಸುವುದು ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಅದು ಖಿನ್ನತೆಯಾಗಿರಬಹುದು. ಅದು ಈಮಾನಿನ ಕೊರತೆಯಲ್ಲ, ಕಾಯಿಲೆ. 14416ಕ್ಕೆ ಕರೆ ಮಾಡಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ ಮಾತನಾಡಬಹುದು.

ಇರುವುದರಲ್ಲಿ ಹೆಚ್ಚು ಪೋಷಣೆ

ಬಡವರಿಗೆ ಅಡುಗೆ ಕಲಿಸಿದರೆ ಬಡತನ ಹೋಗುವುದಿಲ್ಲ. ಆದರೂ ಕೆಲವು ಸಂಗತಿಗಳು ತಿಳಿದಿದ್ದರೆ ಇರುವ ಕಾಸಿಗೆ ಹೆಚ್ಚು ಪ್ರಯೋಜನ ಸಿಗುತ್ತದೆ.

ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ. ಆ ನಂತರ ಮೃದುವಾದ ಆಹಾರದ ಜೊತೆ ಎರಡು ವರ್ಷದವರೆಗೆ ಎದೆಹಾಲು ಮುಂದುವರಿಸಿ. ಹಾಲಿನ ಪುಡಿಯನ್ನು ಹೆಚ್ಚು ನೀರು ಬೆರೆಸಿ ‘ಬರುವಷ್ಟು ದಿನ ಬರಲಿ’ ಎಂದು ಎಳೆಯ ಮಗುವಿಗೆ ಕುಡಿಸುವುದು ಅಪಾಯಕಾರಿ.

ನುಗ್ಗೆ ಸೊಪ್ಪು, ಬಸಳೆ, ಹರಿವೆ ಹಿತ್ತಲಲ್ಲಿ ಅಥವಾ ಗೋಣಿಚೀಲದಲ್ಲೂ ಬೆಳೆಯುತ್ತವೆ. ಹುರುಳಿ, ಹೆಸರುಕಾಳು, ಶೇಂಗಾ, ರಾಗಿ ಮಾಂಸಕ್ಕಿಂತ ಅಗ್ಗ. ಮೀನಿನ ಕಾಲದಲ್ಲಿ ಬೂತಾಯಿ ಅಗ್ಗಕ್ಕೆ ಸಿಕ್ಕಾಗ ದುಬಾರಿ ಮೀನಿನ ಆಸೆ ಬಿಡಿ. ಪೋಷಣೆಯಲ್ಲಿ ಬೂತಾಯಿ ಯಾವುದಕ್ಕೂ ಕಡಿಮೆಯಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಇದೆ. ಒಂದೇ ಮೊಟ್ಟೆ ಇದ್ದರೆ ಅದು ಗರ್ಭಿಣಿಗೆ ಅಥವಾ ಚಿಕ್ಕ ಮಗುವಿಗೆ ಸಲ್ಲಲಿ.

ಊಟದ ಜೊತೆಗೆ ಚಾ ಬೇಡ. ಅದು ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಊಟಕ್ಕೂ ಚಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ಬದಲಿಗೆ ಸೊಪ್ಪು, ಬೇಳೆಗೆ ಲಿಂಬೆ ಹಿಂಡಿ. ಕಬ್ಬಿಣದ ಮಾತ್ರೆಗೂ ಇದೇ ನಿಯಮ. ಗರ್ಭಿಣಿಗೆ 180 ದಿನ, ಹೆರಿಗೆಯ ನಂತರ 180 ದಿನ ಈ ಮಾತ್ರೆ ಉಚಿತ. ಮಲ ಕಪ್ಪಾಗುತ್ತದೆಂದು ಹೆದರಿ ಬಿಡಬೇಡಿ, ಅದು ಸಹಜ.

ಗರ್ಭಿಣಿ ಮತ್ತು ಎದೆಹಾಲೂಡುವ ತಾಯಂದಿರಿಗೆ ಉಪವಾಸದಿಂದ ತಮಗೆ ಅಥವಾ ಮಗುವಿಗೆ ತೊಂದರೆಯಾಗುವ ಭಯವಿದ್ದರೆ ಶರೀಅತ್ ರಿಯಾಯಿತಿ ನೀಡಿದೆ. ರಕ್ತಹೀನತೆಯಿದ್ದೂ ಸಹರಿಗೆ ಬರೀ ಚಾ ಕುಡಿದು ಉಪವಾಸ ಹಿಡಿಯುವ ಸಹೋದರಿಯರು ವೈದ್ಯರನ್ನೂ ಉಲಮಾಗಳನ್ನೂ ಕೇಳಿ ನಿರ್ಧರಿಸಲಿ.

ಶುಚಿತ್ವ ಇಲ್ಲದಿದ್ದರೆ ಉಂಡದ್ದೂ ಉಳಿಯದು

ಪೋಷಣೆಯಿಲ್ಲದ ಮಗುವಿಗೆ ಬೇಗ ಭೇದಿಯಾಗುತ್ತದೆ. ಭೇದಿಯಾದ ಮಗು ಇನ್ನಷ್ಟು ಸೊರಗುತ್ತದೆ. ಈ ಸುಳಿಯನ್ನು ಮುರಿಯಲು ಸಾಬೂನು ಬೇಕು. ಮಗುವಿಗೆ ಉಣಿಸುವ ಮೊದಲು, ಶೌಚದ ನಂತರ, ಮಗುವಿನ ಮಲ ತೊಳೆದ ನಂತರ ಕೈ ತೊಳೆಯಿರಿ. ಬೀಡಿ ಕಟ್ಟುವ ತಾಯಂದಿರು ತಂಬಾಕಿನ ಕೈಯಲ್ಲಿ ಮಗುವನ್ನು ಮುಟ್ಟಬಾರದು, ತಂಬಾಕಿನ ಮೊರವನ್ನು ತೊಟ್ಟಿಲಿನಿಂದ ದೂರವಿಡಬೇಕು. ಕುಡಿಯುವ ನೀರನ್ನು ಕುದಿಸಿ, ಮುಚ್ಚಿಡಿ. ಭೇದಿಯಾದರೆ ಓಆರ್‌ಎಸ್ ಮತ್ತು 14 ದಿನ ಜಿಂಕ್ ಮಾತ್ರೆ ಕೊಡಿ, ಊಟ ನಿಲ್ಲಿಸಬೇಡಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ.

ಇದು ಭಿಕ್ಷೆಯಲ್ಲ, ಹಕ್ಕು

ಅಂಗನವಾಡಿಗೆ ಹೆಸರು ಬರೆಸಲು ನಮ್ಮ ಕೆಲವು ಮನೆಗಳಲ್ಲಿ ಹಿಂಜರಿಕೆಯಿದೆ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಆಹಾರ, ಮೂರರಿಂದ ಆರು ವರ್ಷದವರಿಗೆ ಬಿಸಿಯೂಟ ಅಲ್ಲಿದೆ. 2017ರ ಅಕ್ಟೋಬರಿನಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಊಟವಿದೆ. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಬಿಸಿಯೂಟ, ಕ್ಷೀರಭಾಗ್ಯದ ಹಾಲು, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ ರೂ. 5,000, ಎರಡನೆಯದು ಹೆಣ್ಣು ಮಗುವಾದರೆ ರೂ. 6,000 ಸಿಗುತ್ತದೆ.

ಮಗುವಿನ ತೋಳಿನ ಸುತ್ತಳತೆಯನ್ನು ಅಂಗನವಾಡಿಯಲ್ಲಿ ಬಣ್ಣದ ಪಟ್ಟಿಯಿಂದ ಅಳೆಯುತ್ತಾರೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿಗೆ ಅದು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದ ಊದಿಕೊಂಡಿದ್ದರೂ ಅಷ್ಟೇ ಅಪಾಯ. ತಡಮಾಡದೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಒಯ್ಯಿರಿ. ತಾಯಿಯೂ ಮಗುವಿನ ಜೊತೆ ಉಳಿಯಬಹುದು.

ರೇಷನ್ ಕಾರ್ಡಿನಲ್ಲಿ ಹೊಸ ಸೊಸೆಯ, ಹುಟ್ಟಿದ ಮಗುವಿನ ಹೆಸರು ಸೇರಿದೆಯೇ, ಇ-ಕೆವೈಸಿ ಆಗಿದೆಯೇ ನೋಡಿಕೊಳ್ಳಿ. ಅಂಗಡಿಯಲ್ಲಿ ತೂಕ ಕಡಿಮೆಯಾದರೆ 1967ಕ್ಕೆ ದೂರು ಕೊಡಬಹುದು.

ಜಮಾಅತ್ ಏನು ಮಾಡಬಹುದು?

ನಮ್ಮ ದೀನಿನಲ್ಲಿ ಎಷ್ಟೊಂದು ಹೊಣೆಗಳು ಊಟದ ರೂಪದಲ್ಲಿವೆ ನೋಡಿ. ಫಿತ್ರ್ ಝಕಾತ್ ಆಹಾರಧಾನ್ಯದ ಲೆಕ್ಕದಲ್ಲಿದೆ. ಉಪವಾಸ ಹಿಡಿಯಲಾಗದ ವೃದ್ಧರ ಫಿದ್ಯಾ ಬಡವರಿಗೆ ಉಣಿಸುವುದು. ಆಣೆ ಮುರಿದದ್ದಕ್ಕೆ ಪ್ರಾಯಶ್ಚಿತ್ತವಾಗಿ ಹತ್ತು ಬಡವರ ಊಟ. ನೆರೆಮನೆಯವರ ಹಸಿವಿನ ಬಗ್ಗೆ ಪ್ರವಾದಿ(ಸ) ನೀಡಿದ ಎಚ್ಚರಿಕೆಯನ್ನು ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆದರೆ ನಮ್ಮ ಕಿಟ್‌ಗಳು ರಮಝಾನಿನಲ್ಲಿ ರಾಶಿ ಬೀಳುತ್ತವೆ, ಜೂನ್ ಜುಲೈಯಲ್ಲಿ ಕಾಣುವುದಿಲ್ಲ.

ಕೆಲವು ಸಲಹೆಗಳು ಇಲ್ಲಿವೆ. ಕಿಟ್ ಹಂಚುವುದನ್ನು ಮಳೆಗಾಲಕ್ಕೂ, ಬಿಸಿಯೂಟ ಇಲ್ಲದ ಬೇಸಿಗೆ ರಜೆಗೂ ವಿಸ್ತರಿಸಿ. ರೇಷನ್ ಅಕ್ಕಿ ಇರುವ ಮನೆಗೆ ಮತ್ತೆ ಅಕ್ಕಿ ಕೊಡುವ ಬದಲು ತೊಗರಿಬೇಳೆ, ಹೆಸರುಕಾಳು, ಶೇಂಗಾ, ಬೆಲ್ಲ, ಎಣ್ಣೆ, ಮೊಟ್ಟೆ, ಸಾಬೂನು ಕೊಡಿ. ಬೆಳಗ್ಗಿನ ಮದ್ರಸದಲ್ಲಿ ಒಂದು ಮೊಟ್ಟೆ, ಬಾಳೆಹಣ್ಣು ಅಥವಾ ಒಂದು ಲೋಟ ರಾಗಿ ಗಂಜಿ ಎಲ್ಲ ಮಕ್ಕಳಿಗೂ ಸಿಗಲಿ. ಬಡವರ ಮಕ್ಕಳಿಗೆ ಮಾತ್ರ ಎಂದರೆ ಹಸಿದ ಮಗು ಕೈಯೊಡ್ಡುವುದಿಲ್ಲ. ಮಸೀದಿಯಲ್ಲಿ ತಿಂಗಳಿಗೊಂದು ದಿನ ಓದುಬಲ್ಲ ಯುವಕ ಯುವತಿಯರು ಕುಳಿತು ರೇಷನ್ ಕಾರ್ಡ್, ಮಾತೃವಂದನಾ ಅರ್ಜಿಗಳನ್ನು ತುಂಬಿಕೊಡಲಿ.

ಮದುವೆ ಮನೆಯಲ್ಲಿ ಉಳಿದ ಬಿರಿಯಾನಿಯನ್ನು ಮರುದಿನ ಬೆಳಗ್ಗೆ ಹಂಚುವುದು ಪುಣ್ಯವಲ್ಲ, ಕಾಯಿಲೆ ಹಂಚಿದಂತೆ. ಬೇಯಿಸಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಹಂಚುವುದಾದರೆ ಬಡಿಸುವ ಮೊದಲೇ ಒಂದು ಪಾತ್ರೆ ಎತ್ತಿಟ್ಟು, ಬಿಸಿಯಿರುವಾಗಲೇ ತಲುಪಿಸಿ.

ಕೊನೆಯದಾಗಿ, ಫೋಟೊ ಬೇಡ. ಕಿಟ್ ಹಿಡಿದು ನಿಂತ ತಾಯಿಯ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದರೆ, ಮರುದಿನ ಆಕೆಯ ಮಗ ಶಾಲೆಯಲ್ಲಿ ತಲೆ ತಗ್ಗಿಸುತ್ತಾನೆ. ಮುಂದಿನ ಸಲ ಆಕೆ ಬರುವುದೇ ಇಲ್ಲ. ಹಸಿವಿಗಿಂತ ಮರ್ಯಾದೆ ದೊಡ್ಡದೆಂದು ಸುಮ್ಮನೆ ಮನೆಯಲ್ಲಿ ಉಳಿಯುವವರೇ ನಮ್ಮ ನೆರವು ನಿಜವಾಗಿ ತಲುಪಬೇಕಾದವರು. ಅವರನ್ನು ಗುರುತಿಸುವ ಕೆಲಸ ಹೆಂಗಸರಿಂದ ಆಗುತ್ತದೆ. ನೆರೆಯವಳ ಒಲೆ ಉರಿಯಿತೋ ಇಲ್ಲವೋ ಎಂಬುದು ಕಮಿಟಿಯ ಪುಸ್ತಕಕ್ಕಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ನೀವೇ ಆ ತಾಯಿಯಾಗಿದ್ದರೆ, ಈ ಲೇಖನ ಓದುತ್ತಿರುವ ನಿಮಗೊಂದು ಮಾತು. ನೀವು ಬಿದ್ದರೆ ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ, ಇರುವುದನ್ನು ಎಲ್ಲರೂ ಹಂಚಿಕೊಳ್ಳಿರಿ. ಕಷ್ಟವನ್ನು ಒಬ್ಬರ ಮುಂದಾದರೂ ಹೇಳಿ. ಆಶಾ ಕಾರ್ಯಕರ್ತೆಗೆ, ಉಸ್ತಾದರ ಪತ್ನಿಗೆ, ಒಡಹುಟ್ಟಿದವಳಿಗೆ ಹೇಳಿ. ಕೇಳುವುದರಲ್ಲಿ ಅವಮಾನವಿಲ್ಲ.

ನೀವು ನೆರೆಮನೆಯವರಾಗಿದ್ದರೆ, ಇಂದು ರಾತ್ರಿ ಸಾರು ಮಾಡುವಾಗ ಸ್ವಲ್ಪ ಹೆಚ್ಚು ನೀರು, ಸ್ವಲ್ಪ ಹೆಚ್ಚು ಬೇಳೆ ಹಾಕಿ. “ಹೆಚ್ಚಾಯಿತು, ಕೆಡುತ್ತದೆ, ತೆಗೆದುಕೋ” ಎಂದು ಕೊಟ್ಟು ಬನ್ನಿ. ಪಾತ್ರೆ ವಾಪಸು ಕೇಳಲು ಅವಸರ ಮಾಡಬೇಡಿ. ಯಾವ ಮನೆಯ ಮಗುವೂ ಅರ್ಧ ಹೊಟ್ಟೆಯಲ್ಲಿ ಮಲಗದಂತೆ ನೋಡಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ.